ಸೋಮವಾರದ ನಂತರವೂ ಉಳಿಯುವ ಸಿನಿಮಾಗಳು

ಶುಕ್ರವಾರ ತೆರೆಗೆ ಬಂದ ಸಿನಿಮಾದ ಹಣೆಬರಹ ಭಾನುವಾರ ರಾತ್ರಿಯ ಹೊತ್ತಿಗೆ ಬರೆದು ಮುಗಿದಿರುತ್ತದೆ. ಇಂಟರ್ವಲ್‌ನಲ್ಲೇ ಹೊರಬೀಳುವ ‘ಫಸ್ಟ್ ಹಾಫ್ ಸೂಪರ್, ಸೆಕೆಂಡ್ ಹಾಫ್ ನೋಡ್ಬೇಕು’ ಎಂಬ ಮೆಸೇಜು, ಸಂಜೆಯೊಳಗೆ ಎಲ್ಲ ಕಡೆ ಹರಡುವ ನಕ್ಷತ್ರಗಳ ಲೆಕ್ಕ, ಮರುದಿನ ಕಲೆಕ್ಷನ್ ಲೆಕ್ಕ. ಸೋಮವಾರ ಕುರ್ಚಿಗಳು ತುಂಬದಿದ್ದರೆ ಶೋಗಳು ಕಡಿಮೆಯಾಗುತ್ತವೆ. ಯಾರೂ ಹೋಗಲಾಗದ ಹೊತ್ತಿನ ಒಂದು ಶೋ ಉಳಿಯುತ್ತದೆ, ಮುಂದಿನ ಶುಕ್ರವಾರ ಅದೂ ಇರುವುದಿಲ್ಲ. ವರ್ಷಗಟ್ಟಲೆ ಕೂತು ಬರೆದು, ಅಲೆದು, ಸಾಲ ಮಾಡಿ ತೆಗೆದ ಚಿತ್ರವೊಂದನ್ನು ಮೂರೇ ದಿನದಲ್ಲಿ ತೂಗಿ ಪಕ್ಕಕ್ಕಿಡುವ ಈ ಅವಸರ ನನ್ನನ್ನು ಯಾವಾಗಲೂ ಕಾಡುತ್ತದೆ.

ಈ ಅವಸರಕ್ಕೆ ಎದುರಾಗಿ ನಿಲ್ಲಬಲ್ಲದ್ದು ಒಂದೇ: ಯಾರೋ ಒಬ್ಬರು ಇನ್ನೊಬ್ಬರಿಗೆ ‘ನೀನು ಇದನ್ನ ನೋಡ್ಲೇಬೇಕು’ ಎಂದು ಹೇಳುವ ಮಾತು. ಅದು ಒಂದು ವಾರ ತಡವಾಗಿ ಬರಬಹುದು, ಇಪ್ಪತ್ತು ವರ್ಷ ತಡವಾಗಿಯೂ ಬರಬಹುದು. ಗೆಳೆಯರ ನಡುವೆ ನಡೆಯುವ ಸಿನಿಮಾ ಹರಟೆಯನ್ನು ನಾನು ಗಂಭೀರವಾಗಿ ತೆಗೆದುಕೊಳ್ಳುವುದು ಇದಕ್ಕೇ.

ನಮ್ಮದು ಸಣ್ಣ ಗುಂಪು. ಹೊಸ ಚಿತ್ರ ಬಂದಾಗ ಯಾರಾದರೂ ಒಬ್ಬರು ಮೊದಲು ನೋಡಿ ಬರುತ್ತಾರೆ, ಉಳಿದವರು ‘ಹೇಗಿದೆ?’ ಎಂದು ಕೇಳುತ್ತಾರೆ. ಈ ಪ್ರಶ್ನೆಗೆ ಬರುವ ಉತ್ತರಗಳು ಹೆಚ್ಚುಕಡಿಮೆ ನಿಶ್ಚಿತ. ಸಖತ್ತಾಗಿದೆ, ಲ್ಯಾಗ್ ಇದೆ, ಬಿಜಿಎಂ ಚೆನ್ನಾಗಿದೆ, ಒಂದ್ಸಲ ನೋಡಬಹುದು. ಕೊನೆಯದಂತೂ ಎಲ್ಲ ಭಾವನೆಗಳನ್ನೂ ಮುಚ್ಚಿಹಾಕುವ ಹೊದಿಕೆ. ಬೇಸರವಾದರೂ ಒಂದ್ಸಲ ನೋಡಬಹುದು, ಖುಷಿಯಾಗಿದ್ದರೂ ಒಪ್ಪಿಕೊಳ್ಳಲು ಮುಜುಗರವಾದರೆ ಒಂದ್ಸಲ ನೋಡಬಹುದು. ಹಾಗಾಗಿ ನಾವು ಪ್ರಶ್ನೆಯನ್ನೇ ಬದಲಿಸಿಕೊಂಡೆವು. ‘ಹೇಗಿದೆ?’ ಅನ್ನುವ ಬದಲು ‘ಯಾವ ದೃಶ್ಯ ತಲೆಯಲ್ಲಿ ಉಳಿದಿದೆ?’ ಎಂದು ಕೇಳುತ್ತೇವೆ. ಇಷ್ಟಕ್ಕೇ ಮಾತಿನ ಜಾಡು ಪೂರ್ತಿ ಬೇರೆಯಾಗುತ್ತದೆ. ಸೂಪರ್ ಎಂದು ಕೂಗುತ್ತಾ ಬಂದವನಿಗೆ ಕೆಲವೊಮ್ಮೆ ಒಂದು ದೃಶ್ಯವೂ ನೆನಪಿಗೆ ಬರುವುದಿಲ್ಲ. ‘ಸುಮಾರಾಗಿದೆ’ ಎಂದವಳು ಮಾತ್ರ ನಾಯಕನ ತಾಯಿ ಬಾಗಿಲ ಬಳಿ ನಿಂತು ಏನೂ ಹೇಳದೆ ಒಳಗೆ ಹೋದ ಕ್ಷಣವನ್ನು ಹತ್ತು ನಿಮಿಷ ವಿವರಿಸುತ್ತಾಳೆ. ನಾನು ಟಿಕೆಟ್ ತೆಗೆಯುವುದು ಆ ಹತ್ತು ನಿಮಿಷವನ್ನು ನಂಬಿ.

ಗೆಳೆಯರ ವಿಮರ್ಶೆಗೆ ಇರುವ ಬಲ ಅವರ ಜಾಣತನದಿಂದ ಬಂದದ್ದಲ್ಲ. ಹೇಳುತ್ತಿರುವವರು ಎಂಥವರೆಂದು ನಮಗೆ ಗೊತ್ತಿರುತ್ತದೆ, ಬಲವೆಲ್ಲ ಅಲ್ಲಿದೆ. ನಮ್ಮಲ್ಲೊಬ್ಬನಿಗೆ ನಿಧಾನಗತಿಯ ಚಿತ್ರ ಕಂಡರೆ ನಿದ್ದೆ ಬರುತ್ತದೆ. ಅಂಥವನು ‘ಎರಡೂವರೆ ಗಂಟೆ ಕಣ್ಣು ಮುಚ್ಚಲಿಲ್ಲ’ ಎಂದರೆ ಅದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಬೇಕಿಲ್ಲ. ಇನ್ನೊಬ್ಬಳು ಹಾಡು ಬಂದಾಗ ಸಿಡಿಮಿಡಿಗೊಳ್ಳುವವಳು, ಮತ್ತೊಬ್ಬನಿಗೆ ರಕ್ತ ಹರಿದರೆ ಆಗದು. ಒಬ್ಬನ ರುಚಿ ನನ್ನದಕ್ಕೆ ಪೂರ್ತಿ ತಿರುಗಾಮುರುಗಾ. ಅವನು ಬೈದ ಸಿನಿಮಾಗಳನ್ನು ನಾನು ಹುಡುಕಿಕೊಂಡು ಹೋಗುತ್ತೇನೆ, ಹೆಚ್ಚಿನ ಸಲ ಇಷ್ಟವೂ ಆಗುತ್ತವೆ. ಅಭಿಪ್ರಾಯ ಕೂಡದಿದ್ದರೂ ಉಪಯೋಗಕ್ಕೆ ಬರುವ ವಿಮರ್ಶಕ ಅಂದರೆ ಗೆಳೆಯನೇ.

ಅಂಕಿಗಳಿಗೆ ಈ ಗುಣವಿಲ್ಲ. ವಿಮರ್ಶೆಗಳನ್ನು ಒಟ್ಟುಹಾಕುವ ಜಾಲತಾಣ ರಾಟನ್ ಟೊಮ್ಯಾಟೋಸ್‌ನಲ್ಲಿ 95 ಶೇಕಡಾ ಎಂದು ಕಂಡರೆ ಬಹಳಷ್ಟು ಜನ ಅದನ್ನು ನೂರಕ್ಕೆ ತೊಂಬತ್ತೈದು ಅಂಕ ಎಂದು ಓದಿಕೊಳ್ಳುತ್ತಾರೆ. ಅದು ಅಂಕವಲ್ಲ, ವಿಮರ್ಶೆ ಬರೆದವರಲ್ಲಿ ಎಷ್ಟು ಪಾಲು ಜನ ಒಟ್ಟಾರೆ ಮೆಚ್ಚಿದರು ಎಂಬ ಲೆಕ್ಕ. ಎಲ್ಲರೂ ‘ಪರವಾಗಿಲ್ಲ, ಚೆನ್ನಾಗಿದೆ’ ಎಂದ ಚಿತ್ರಕ್ಕೆ ನೂರು ಬರಬಹುದು. ಅರ್ಧ ಜನ ಜೀವನದಲ್ಲೇ ಮರೆಯಲಾರೆವೆಂದೂ ಇನ್ನರ್ಧ ಜನ ಸಹಿಸಲಾರೆವೆಂದೂ ಹೇಳಿದ ಚಿತ್ರ ಐವತ್ತಕ್ಕೆ ನಿಂತು, ಅರವತ್ತರ ಗೆರೆ ದಾಟದ ಕಾರಣಕ್ಕೆ ಕೊಳೆತ ಟೊಮ್ಯಾಟೊ ಎನಿಸಿಕೊಳ್ಳುತ್ತದೆ. ನನ್ನ ಮಟ್ಟಿಗೆ ಮಾತಾಡಲು ಯೋಗ್ಯವಾದ ಸಿನಿಮಾಗಳು ಹೆಚ್ಚಾಗಿ ಆ ಐವತ್ತರ ಆಸುಪಾಸಿನಲ್ಲೇ ಸಿಗುತ್ತವೆ.

ಯಂತ್ರಕ್ಕೂ ಈ ಕೆಲಸ ಕಲಿಸಲು ದೊಡ್ಡ ಪ್ರಯತ್ನ ನಡೆದಿದೆ. ಪ್ರೇಕ್ಷಕನೊಬ್ಬ ಯಾವ ಚಿತ್ರಕ್ಕೆ ಎಷ್ಟು ನಕ್ಷತ್ರ ಕೊಡುತ್ತಾನೆಂದು ತಾವು ಊಹಿಸುವುದಕ್ಕಿಂತ ಹತ್ತು ಶೇಕಡಾ ಚೆನ್ನಾಗಿ ಊಹಿಸಿದವರಿಗೆ ಹತ್ತು ಲಕ್ಷ ಡಾಲರ್ ಕೊಡುತ್ತೇವೆಂದು ನೆಟ್‌ಫ್ಲಿಕ್ಸ್ 2006ರಲ್ಲಿ ಸ್ಪರ್ಧೆ ಇಟ್ಟಿತು. 2009ರಲ್ಲಿ ಒಂದು ತಂಡ ಗೆದ್ದೂ ಗೆದ್ದಿತು. 2017ರಲ್ಲಿ ಆ ನಕ್ಷತ್ರಗಳನ್ನೇ ತೆಗೆದುಹಾಕಿ ಹೆಬ್ಬೆರಳಿನ ಗುರುತು ಬಂತು. ನೀವು ಈಗಾಗಲೇ ನೋಡಿದ್ದಕ್ಕೆ ಹತ್ತಿರವಾದದ್ದನ್ನು ಯಂತ್ರ ಚೆನ್ನಾಗಿಯೇ ಹುಡುಕಿಕೊಡುತ್ತದೆ. ಆದರೆ ಥ್ರಿಲ್ಲರ್ ಬಿಟ್ಟು ಬೇರೇನೂ ನೋಡದವನ ಎದುರು ಕೂತು ‘ನಿಮ್ಮಪ್ಪನ ಜೊತೆ ಮಾತು ಬಿಟ್ಟಿದ್ದೀಯಲ್ಲ, ಈ ಚಿತ್ರ ನೋಡು’ ಎಂದು 1937ರ ಕಪ್ಪು-ಬಿಳುಪು ಸಿನಿಮಾ ಕೈಗಿಡುವ ಧೈರ್ಯ ಗೆಳೆಯನಿಗೆ ಮಾತ್ರ ಇರುತ್ತದೆ.

ಒಳ್ಳೆಯ ಚಿತ್ರಗಳು ಕಣ್ತಪ್ಪಿ ಹೋಗುವುದಕ್ಕೆ ಕಾರಣ ಬಹಳ ಸಲ ಸಿನಿಮಾದ ಒಳಗಿರುವುದಿಲ್ಲ. 1982ರ ಜೂನ್ 25ರಂದು ಅಮೆರಿಕದಲ್ಲಿ ರಿಡ್ಲಿ ಸ್ಕಾಟ್‌ನ ‘ಬ್ಲೇಡ್ ರನ್ನರ್’ ಮತ್ತು ಜಾನ್ ಕಾರ್ಪೆಂಟರ್‌ನ ‘ದಿ ಥಿಂಗ್’ ಒಂದೇ ದಿನ ಬಿಡುಗಡೆಯಾದವು. ಎರಡು ವಾರ ಮುಂಚೆಯಷ್ಟೇ ಸ್ಪೀಲ್‌ಬರ್ಗ್‌ನ ‘ಇ.ಟಿ.’ ಬಂದಿತ್ತು. ಬೇರೆ ಗ್ರಹದ ಜೀವಿಯನ್ನು ಮಕ್ಕಳ ಗೆಳೆಯನನ್ನಾಗಿ ಅಪ್ಪಿಕೊಂಡ ಪ್ರೇಕ್ಷಕರಿಗೆ, ಅದೇ ಬೇಸಿಗೆಯಲ್ಲಿ ಕತ್ತಲು, ಮಳೆ, ಅನುಮಾನ, ಮೈ ಸೀಳುವ ಜೀವಿ ಯಾವುದೂ ಬೇಕಾಗಿರಲಿಲ್ಲ. ಎರಡೂ ಸೋತವು. ಇವತ್ತು ವೈಜ್ಞಾನಿಕ ಕಥಾಚಿತ್ರಗಳ ಮಾತು ಬಂದಲ್ಲೆಲ್ಲ ಈ ಎರಡು ಹೆಸರು ಬಾರದೆ ಇರುವುದಿಲ್ಲ. 1999ರಲ್ಲಿ ಬ್ರಾಡ್ ಬರ್ಡ್ ಮಾಡಿದ ‘ದಿ ಐರನ್ ಜೈಂಟ್’ ಅಂತೂ ಸರಿಯಾದ ಪ್ರಚಾರವೇ ಇಲ್ಲದೆ ಸೊರಗಿತು. ಕೆಲವಕ್ಕೆ ಹೆಸರೇ ಶತ್ರು, ಕೆಲವಕ್ಕೆ ಟ್ರೈಲರ್. ಹಾಸ್ಯಚಿತ್ರವೆಂದು ನಂಬಿಸಿ ಕರೆತಂದು ಅಳಿಸಿದರೆ ಜನ ಕ್ಷಮಿಸುವುದಿಲ್ಲ. ಈಗ ಒಟಿಟಿ ಬಂದ ಮೇಲೆ ಇನ್ನೊಂದು ಬಗೆಯ ಮರೆವು ಸೇರಿಕೊಂಡಿದೆ. ಚಿತ್ರ ಅಲ್ಲೇ ಇರುತ್ತದೆ, ಒಂದು ಬೆರಳು ಒತ್ತಿದರೆ ಓಡುತ್ತದೆ, ಆದರೂ ಅದು ಇದೆಯೆಂದು ಯಾರಿಗೂ ಗೊತ್ತಿರುವುದಿಲ್ಲ.

ಬಾಯಿಮಾತು ಚಿತ್ರವನ್ನು ಎತ್ತಿ ನಿಲ್ಲಿಸಿದ ಉದಾಹರಣೆಗಳಿಗೆ ಕೊರತೆಯಿಲ್ಲ. 1955ರಲ್ಲಿ ‘ಪಥೇರ್ ಪಾಂಚಾಲಿ’ ಕಲ್ಕತ್ತೆಯಲ್ಲಿ ತೆರೆ ಕಂಡಾಗ ಮೊದಮೊದಲು ಥಿಯೇಟರ್ ತುಂಬಲಿಲ್ಲ, ನೋಡಿದವರು ಹೇಳಿದ ಮೇಲೆಯೇ ತುಂಬಿದ್ದು. 1975ರ ‘ಶೋಲೆ’ಯನ್ನು ಆರಂಭದ ದಿನಗಳಲ್ಲಿ ವ್ಯಾಪಾರ ಬಲ್ಲವರು ಸೋತಿತೆಂದೇ ಬರೆದರು, ಮುಂಬೈಯ ಮಿನರ್ವಾದಲ್ಲಿ ಅದು ಐದು ವರ್ಷ ಓಡಿತು. ‘ದಿ ಶಾಶಾಂಕ್ ರಿಡೆಂಪ್ಷನ್’ ಕಥೆ ಇನ್ನೂ ವಿಚಿತ್ರ. 1994ರಲ್ಲಿ ಬಂದ ಅದು ಮೊದಲ ಬಿಡುಗಡೆಯಲ್ಲಿ ಹಾಕಿದ ದುಡ್ಡೂ ಗಳಿಸಲಿಲ್ಲ. ಏಳು ಆಸ್ಕರ್ ನಾಮನಿರ್ದೇಶನ ಸಿಕ್ಕಿ ಒಂದೂ ಕೈಗೆ ಬರಲಿಲ್ಲ. ಆಮೇಲೆ ವಿಡಿಯೊ ಕ್ಯಾಸೆಟ್‌ನಲ್ಲಿ ಮನೆಮನೆ ಸುತ್ತಿತು, 1997ರಿಂದ ಕೇಬಲ್ ಟಿವಿಯಲ್ಲಿ ಮತ್ತೆ ಮತ್ತೆ ಬಂತು. ಐಎಂಡಿಬಿಯ ಪ್ರೇಕ್ಷಕರ ಪಟ್ಟಿಯಲ್ಲಿ ಅದು ಮೊದಲ ಸ್ಥಾನಕ್ಕೇರಿ ವರ್ಷಗಳೇ ಕಳೆದಿವೆ. ನಮ್ಮ ಕಣ್ಣೆದುರಿನದು ‘ತುಂಬಾಡ್’. 2018ರಲ್ಲಿ ಬಂದು ಹೋದ ಆ ಚಿತ್ರ 2024ರ ಸೆಪ್ಟೆಂಬರ್‌ನಲ್ಲಿ ಮರುಬಿಡುಗಡೆಯಾದಾಗ ಮೊದಲ ಸಲಕ್ಕಿಂತ ಹೆಚ್ಚು ಗಳಿಸಿತು. ನಡುವಿನ ಆರು ವರ್ಷ ಅದಕ್ಕೆ ಪೋಸ್ಟರ್ ಅಂಟಿಸಿದವರು ಯಾರೂ ಇರಲಿಲ್ಲ, ‘ತುಂಬಾಡ್ ನೋಡಿದ್ದೀಯಾ?’ ಎಂದು ಕೇಳಿದವರಿದ್ದರು.

ಅಮೆರಿಕದ ವಿಮರ್ಶಕ ರೋಜರ್ ಎಬರ್ಟ್ ಮೇಲೆ ನನಗೆ ವಿಶೇಷ ಅಕ್ಕರೆ ಇರುವುದು ಈ ಕಾರಣಕ್ಕೆ. ಜೀನ್ ಸಿಸ್ಕೆಲ್ ಜೊತೆ ಟಿವಿಯಲ್ಲಿ ಕೂತು ವಾರದ ಚಿತ್ರಗಳ ಬಗ್ಗೆ ಜಗಳವಾಡುತ್ತಿದ್ದ ಆತ, ಇಬ್ಬರು ಊಟದ ಮೇಜಿನಲ್ಲಿ ಕೂತು ಮಾತಾಡುವುದನ್ನಷ್ಟೇ ತೋರಿಸುವ ‘ಮೈ ಡಿನ್ನರ್ ವಿತ್ ಆಂದ್ರೆ’ 1981ರಲ್ಲಿ ಥಿಯೇಟರ್‌ನಿಂದ ಜಾರಿಹೋಗುವ ಹಂತದಲ್ಲಿದ್ದಾಗ ಅದನ್ನು ಎತ್ತಿಹಿಡಿದ, ಚಿತ್ರ ಉಳಿದುಕೊಂಡಿತು. 1999ರಲ್ಲಿ ಕಡೆಗಣಿಸಲ್ಪಟ್ಟ ಚಿತ್ರಗಳಿಗೆಂದೇ ಒಂದು ಉತ್ಸವ ಶುರುಮಾಡಿದ. ಹೊಸದನ್ನು ಮೊದಲು ನೋಡಿ ಹೇಳುವ ಹೊಟ್ಟೆಪಾಡಿನವನೊಬ್ಬ, ಹೊಸದಲ್ಲದ್ದಕ್ಕೆ ಅಷ್ಟೊಂದು ಸಮಯ ಕೊಟ್ಟ.

ಇಷ್ಟು ಹೇಳಿ ಒಂದೆರಡು ಸಿನಿಮಾ ಕೈಗೆ ಕೊಡದೆ ಹೋದರೆ ಬರೆದದ್ದಕ್ಕೆ ಅರ್ಥವಿಲ್ಲ.

ಮೇಲೆ ಹೇಳಿದ 1937ರ ಚಿತ್ರ ಲಿಯೋ ಮೆಕ್ಯಾರಿಯ ‘ಮೇಕ್ ವೇ ಫಾರ್ ಟುಮಾರೊ’. ಬ್ಯಾಂಕು ಮನೆ ಕಿತ್ತುಕೊಳ್ಳುತ್ತದೆ. ಐದು ಮಕ್ಕಳಿದ್ದರೂ ಅಪ್ಪ-ಅಮ್ಮ ಇಬ್ಬರನ್ನೂ ಒಟ್ಟಿಗೆ ಇಟ್ಟುಕೊಳ್ಳಲು ಯಾರ ಮನೆಯಲ್ಲೂ ಜಾಗವಿಲ್ಲ, ಹಾಗಾಗಿ ಅಮ್ಮ ಒಂದು ಮನೆಗೆ, ಅಪ್ಪ ಇನ್ನೊಂದು ಮನೆಗೆ. ಕಥೆ ಕೇಳಿದರೆ ಅಳುಮುಂಜಿ ಚಿತ್ರ ಅನಿಸಬಹುದು. ಅಲ್ಲ. ಮಕ್ಕಳನ್ನು ಮೆಕ್ಯಾರಿ ಕೆಟ್ಟವರನ್ನಾಗಿ ಮಾಡುವುದಿಲ್ಲ, ಚಿತ್ರದ ಕ್ರೌರ್ಯವಿರುವುದೇ ಅಲ್ಲಿ. ಸೊಸೆ ಮನೆಯಲ್ಲಿ ಇಸ್ಪೀಟು ಕಲಿಸುವ ತರಗತಿ ನಡೆಯುವಾಗ ಅಜ್ಜಿಗೆ ಗಂಡನ ಫೋನ್ ಬರುತ್ತದೆ. ದೂರದಲ್ಲಿರುವವನಿಗೆ ಕೇಳಿಸಲೆಂದು ಆಕೆ ಗಟ್ಟಿಯಾಗಿ ಮಾತಾಡುತ್ತಾಳೆ. ಮೊದಲು ಮುಜುಗರದಿಂದ ಮುಖ ಮುಖ ನೋಡಿಕೊಳ್ಳುವ ಅತಿಥಿಗಳು ಮೆಲ್ಲಗೆ ಮೌನವಾಗುತ್ತಾರೆ. ಕ್ಯಾಮೆರಾ ಏನೂ ಚಮತ್ಕಾರ ಮಾಡುವುದಿಲ್ಲ. ಆ ಅಜ್ಜಿಯ ಪಾತ್ರ ಮಾಡಿದ ಬ್ಯೂಲಾ ಬಾಂಡಿಗೆ ಆಗ ಐವತ್ತು ವರ್ಷವೂ ತುಂಬಿರಲಿಲ್ಲ ಎಂಬುದನ್ನು ಸಿನಿಮಾ ಮುಗಿದ ಮೇಲೆ ತಿಳಿದರೂ ನಂಬುವುದು ಕಷ್ಟ. ಚಿತ್ರ ಸೋತಿತು. ಅದೇ ವರ್ಷ ತಾನೇ ಮಾಡಿದ ‘ದಿ ಆಫುಲ್ ಟ್ರೂತ್’ ಎಂಬ ಹಾಸ್ಯಚಿತ್ರಕ್ಕೆ ಆಸ್ಕರ್ ಬಂದಾಗ ಮೆಕ್ಯಾರಿ, ನೀವು ತಪ್ಪು ಚಿತ್ರಕ್ಕೆ ಕೊಟ್ಟಿರಿ ಎಂಬರ್ಥದ ಮಾತಾಡಿದ. ಜಪಾನಿನ ನಿರ್ದೇಶಕ ಓಜು ‘ಟೋಕಿಯೊ ಸ್ಟೋರಿ’ ಮಾಡುವಾಗ ಈ ಚಿತ್ರದ ಪ್ರೇರಣೆ ಅದರ ಹಿಂದಿತ್ತು. ‘ಟೋಕಿಯೊ ಸ್ಟೋರಿ’ಯ ಬಗ್ಗೆ ಜಗತ್ತು ಮಾತಾಡುತ್ತದೆ, ಮಾತಾಡಲೇಬೇಕು. ಅದರ ಹಿರಿಯಕ್ಕನನ್ನೂ ಮಾತಾಡಿಸಿ ಎಂಬುದಷ್ಟೇ ನನ್ನ ಕೋರಿಕೆ.

ಎರಡನೆಯದು, ಥ್ರಿಲ್ಲರ್ ಬೇಕೆನ್ನುವವರಿಗೆ: ಜಾಕ್ ಬೆಕೆರ್ ನಿರ್ದೇಶನದ ಫ್ರೆಂಚ್ ಚಿತ್ರ ‘ಲ ತ್ರು’, 1960. ಒಂದು ಜೈಲು ಕೋಣೆ, ಐವರು ಕೈದಿಗಳು, ನೆಲ ಒಡೆದು ಹೊರಹೋಗುವ ಯೋಜನೆ. ಪ್ಯಾರಿಸ್ಸಿನ ಲಾ ಸಾಂತೆ ಜೈಲಿನಲ್ಲಿ 1947ರಲ್ಲಿ ನಿಜವಾಗಿ ನಡೆದ ಪ್ರಯತ್ನ ಇದು. ಅದರಲ್ಲಿ ಭಾಗಿಯಾಗಿದ್ದ ಜಾನ್ ಕೆರೋದಿಯೇ ಚಿತ್ರದ ಆರಂಭದಲ್ಲಿ ಕ್ಯಾಮೆರಾ ಕಡೆ ತಿರುಗಿ ಇದು ನನ್ನ ಕಥೆ ಎನ್ನುತ್ತಾನೆ, ಆಮೇಲೆ ಆ ಐವರಲ್ಲಿ ಒಬ್ಬನಾಗಿ ನಟಿಸುತ್ತಾನೆ. ಹಿನ್ನೆಲೆ ಸಂಗೀತವಿಲ್ಲ. ಕಾಂಕ್ರೀಟ್ ನೆಲವನ್ನು ಕಬ್ಬಿಣದ ತುಂಡಿನಿಂದ ಬಡಿಯುವ ಒಂದು ದೀರ್ಘ ಶಾಟ್ ಇದೆ, ಎಡಿಟರ್ ಕತ್ತರಿ ಹಾಕಿಲ್ಲ. ಕೈಗಳು ಬದಲಾಗುತ್ತವೆ, ಸದ್ದು ನಿಲ್ಲುವುದಿಲ್ಲ, ನೆಲ ಸ್ವಲ್ಪಸ್ವಲ್ಪವೇ ಬಿರಿಯುತ್ತದೆ. ‘ಈ ಸದ್ದು ಯಾರಿಗೂ ಕೇಳಿಸಬಾರದು ದೇವರೇ’ ಎಂದು ಕೂತಲ್ಲೇ ಉಸಿರು ಹಿಡಿಯುತ್ತೇವೆ. ಬೆಕೆರ್ ಈ ಚಿತ್ರ ಬಿಡುಗಡೆಯಾಗುವುದಕ್ಕೆ ಮುನ್ನವೇ ತೀರಿಕೊಂಡ. ನಮ್ಮ ನಿದ್ದೆ ಗೆಳೆಯ ಕಣ್ಣು ಮುಚ್ಚಲಿಲ್ಲ ಎಂದದ್ದು ಬೇರೆ ಚಿತ್ರಕ್ಕೆ, ಆದರೆ ಇದನ್ನು ಅವನು ಎರಡು ಸಲ ನೋಡಿದ.

ಕನ್ನಡದಲ್ಲಿ ರೂಪಾ ರಾವ್ ಅವರ ‘ಗಂಟುಮೂಟೆ’ 2019ರಲ್ಲಿ ಬಂತು. ಹೈಸ್ಕೂಲು ಪ್ರೇಮದ ಚಿತ್ರಗಳು ನಮ್ಮಲ್ಲಿ ಬೇಕಾದಷ್ಟಿವೆ, ಆದರೆ ಬಹುಪಾಲು ಹುಡುಗ ನೋಡುತ್ತಾನೆ, ಹುಡುಗಿ ನೋಡಿಸಿಕೊಳ್ಳುತ್ತಾಳೆ. ಇಲ್ಲಿ ನೋಡುವವಳು ಮೀರಾ. ಆಸೆ, ಹಿಂಜರಿಕೆ, ಸಿಟ್ಟು ಎಲ್ಲವೂ ಅವಳ ಕಡೆಯಿಂದ ಬರುತ್ತದೆ, ಕ್ಯಾಮೆರಾ ಅವಳನ್ನು ಎಲ್ಲೂ ತಪ್ಪಿತಸ್ಥೆಯಂತೆ ನಿಲ್ಲಿಸುವುದಿಲ್ಲ. ಆ ವಯಸ್ಸಿನ ಮನಸ್ಸನ್ನು ಇಷ್ಟು ಗೌರವದಿಂದ ಕಂಡ ಚಿತ್ರಗಳು ಯಾವ ಭಾಷೆಯಲ್ಲೂ ಹೆಚ್ಚಿಲ್ಲ. ರಕ್ಷಿತ್ ಶೆಟ್ಟಿಯವರ ‘ಉಳಿದವರು ಕಂಡಂತೆ’ಗೆ ಈಗ ನನ್ನ ಶಿಫಾರಸು ಬೇಕಿಲ್ಲ. 2014ರಲ್ಲಿ ತಣ್ಣಗೆ ಹೋದದ್ದನ್ನು ನೋಡಿದವರೇ ಒಬ್ಬರಿಂದೊಬ್ಬರಿಗೆ ದಾಟಿಸಿ ಇಲ್ಲಿಯವರೆಗೆ ತಂದಿದ್ದಾರೆ. ಅದರ ಬಗ್ಗೆ ನಮ್ಮ ಗುಂಪಿನಲ್ಲಿ ಇನ್ನೂ ಒಮ್ಮತವಿಲ್ಲ. ಅಧ್ಯಾಯಗಳಾಗಿ ಒಡೆದದ್ದರಿಂದ ಯಾರ ಹತ್ತಿರವೂ ಹೋಗಲಾಗುವುದಿಲ್ಲ ಎಂಬುದು ಗೆಳತಿಯೊಬ್ಬಳ ತಕರಾರು. ಹತ್ತಿರ ಹೋಗಲಾಗದಿರುವುದೇ ಅದರ ವಸ್ತು, ಒಬ್ಬ ಮನುಷ್ಯ ಉಳಿದವರು ಕಂಡಷ್ಟೇ ನಮಗೆ ಸಿಗುತ್ತಾನೆ ಎಂಬುದು ನನ್ನ ವಾದ. ಇಬ್ಬರೂ ಬಿಟ್ಟುಕೊಟ್ಟಿಲ್ಲ.

ಇಂಥ ಜಗಳವನ್ನು ಹಗುರವಾಗಿ ಕಾಣಬಾರದು. 1950ರ ದಶಕದ ಪ್ಯಾರಿಸ್ಸಿನಲ್ಲಿ ತ್ರುಫೋ, ಗೊದಾರ್, ರಿವೆತ್, ರೊಮೇರ್, ಶಬ್ರೋಲ್ ಎಂಬ ಗೆಳೆಯರು ಮಾಡುತ್ತಿದ್ದುದೂ ಇದನ್ನೇ. ಸಿನೆಮಾತೆಕ್ ಎಂಬ ಚಿತ್ರಸಂಗ್ರಹಾಲಯದಲ್ಲಿ ಹಳೆಯ ಚಿತ್ರಗಳನ್ನು ನೋಡುವುದು, ಹೊರಬಂದು ವಾದಿಸುವುದು. ಬರೀ ಮನರಂಜನೆಯವನು ಎಂದು ಬದಿಗಿಟ್ಟಿದ್ದ ಹಿಚ್‌ಕಾಕ್, ಹೊವರ್ಡ್ ಹಾಕ್ಸ್ ಮುಂತಾದವರನ್ನು ಕಲಾವಿದರೆಂದು ಹಟ ಹಿಡಿದು ‘ಕಾಯೇ ದ್ಯು ಸಿನೆಮಾ’ ಪತ್ರಿಕೆಯಲ್ಲಿ ಬರೆದರು. ಮುಂದೆ ತಾವೇ ಚಿತ್ರ ಮಾಡಿದರು. ಇಂದು ಹಿಚ್‌ಕಾಕ್‌ನನ್ನು ನಾವು ನೋಡುವ ಬಗೆಯಲ್ಲಿ ಆ ಹುಡುಗರ ಹಟದ ಪಾಲು ದೊಡ್ಡದು.

ಇನ್ನು ಹೇಳುವ ರೀತಿಯ ಬಗ್ಗೆ. ಸಿನಿಮಾವನ್ನು ಎಲ್ಲರಿಗೂ ಒಟ್ಟಿಗೆ ಶಿಫಾರಸು ಮಾಡಿದರೆ ಯಾರೂ ನೋಡುವುದಿಲ್ಲ. ಒಬ್ಬರಿಗೆ, ಅವರ ಹೆಸರು ಹಿಡಿದು, ಅವರಿಗೇ ಯಾಕೆ ಎಂದು ಹೇಳಿದರೆ ನೋಡುತ್ತಾರೆ. ‘ಮಾಸ್ಟರ್‌ಪೀಸ್’ ಎಂಬ ಮಾತನ್ನು ನಾನು ಬಳಸುವುದಿಲ್ಲ. ಆ ಮಾತು ಕೇಳಿದವರು ಸಿನಿಮಾ ನೋಡುವುದು ಬಿಟ್ಟು ಮಾಸ್ಟರ್‌ಪೀಸ್ ಎಲ್ಲಿದೆಯೆಂದು ಹುಡುಕುತ್ತಾ ಕೂರುತ್ತಾರೆ. ಕಥೆಯಲ್ಲಿ ಮೊದಲ ಇಪ್ಪತ್ತು ನಿಮಿಷದಷ್ಟು ಹೇಳಿದರೆ ಸಾಕು. ‘ಕ್ಲೈಮ್ಯಾಕ್ಸ್‌ನಲ್ಲಿ ಒಂದು ಟ್ವಿಸ್ಟ್ ಇದೆ’ ಎನ್ನುವುದೂ ಸ್ಪಾಯ್ಲರ್ರೇ, ಏಕೆಂದರೆ ಕೇಳಿದವರು ಎರಡು ಗಂಟೆಯೂ ಅದಕ್ಕೇ ಕಾಯುತ್ತಾರೆ. ನಿಧಾನವಾಗಿ ಶುರುವಾಗುವ ಚಿತ್ರವಾದರೆ ಅದನ್ನು ಮೊದಲೇ ಹೇಳಿಬಿಡಬೇಕು. ಮಗು ಕಳೆದುಕೊಂಡವರಿಗೆ, ಈಚೆಗೆ ಸಾವು ಕಂಡ ಮನೆಯವರಿಗೆ ಕೊಡುವಾಗ ಒಳಗೆ ಏನಿದೆಯೆಂಬ ಸೂಚನೆ ಕೊಡದೆ ಕೊಡಬಾರದು. ಸ್ಪಾಯ್ಲರ್ ಆದರೂ ಚಿಂತೆಯಿಲ್ಲ, ಮನುಷ್ಯರು ದೊಡ್ಡವರು. ಇನ್ನು ಜೊತೆಗೆ ಕೂತು ನೋಡಿಸುವಾಗ ತೆರೆ ಬಿಟ್ಟು ಅವರ ಮುಖವನ್ನೇ ನೋಡುವ ಚಪಲವನ್ನು ತಡೆದುಕೊಳ್ಳಬೇಕು. ನಮಗೆ ಪ್ರಿಯವಾದ ದೃಶ್ಯ ಬರುವಾಗ ಅದು ನಿಜಕ್ಕೂ ಕಷ್ಟ.

ಹೊಸ ಸಿನಿಮಾಗಳನ್ನು ಬಿಟ್ಟು ಹಳೆಯದರ ಬೆನ್ನು ಹತ್ತಿ ಎನ್ನುತ್ತಿಲ್ಲ. ಮೊದಲ ವಾರವೇ ಥಿಯೇಟರ್‌ಗೆ ಹೋಗುವುದು ಸಣ್ಣ ಚಿತ್ರಗಳಿಗೆ ನಾವು ಕೊಡಬಹುದಾದ ದೊಡ್ಡ ಬೆಂಬಲ, ಎರಡನೆಯ ವಾರಕ್ಕೆ ಶೋ ಉಳಿಯಬೇಕಾದರೆ ಮೊದಲ ವಾರ ಯಾರಾದರೂ ಹೋಗಿರಬೇಕು. 2025ರಲ್ಲಿ ‘ಸು ಫ್ರಮ್ ಸೋ’ ಬಂದಾಗ ಹೆಸರಾಂತ ನಾಯಕನ ಅಬ್ಬರವಿಲ್ಲದೆ, ನೋಡಿದವರ ನಗುವಿನಿಂದಲೇ ಶೋಗಳು ಹೆಚ್ಚುತ್ತಾ ಹೋದದ್ದನ್ನು ಕಂಡೆವಲ್ಲ. ನಮ್ಮಲ್ಲಿ ಈಗ ಒಂದು ರೂಢಿಯಾಗಿದೆ: ಹೊಸ ಚಿತ್ರದ ಬಗ್ಗೆ ಮಾತಾಡಿದವರು, ಅದರ ಜೊತೆಗೆ ಕಣ್ತಪ್ಪಿದ ಒಂದು ಚಿತ್ರವನ್ನೂ ಹೇಳಬೇಕು. ಹೊಸ ಪ್ರೇತಕಥೆ ನೋಡಿ ಬಂದವಳು ಚಾರ್ಲ್ಸ್ ಲಾಟನ್‌ನ ‘ದಿ ನೈಟ್ ಆಫ್ ದಿ ಹಂಟರ್’ ಹೇಳಿದಳು. 1955ರಲ್ಲಿ ಅದು ಸೋತ ಮೇಲೆ ಲಾಟನ್ ಮತ್ತೊಂದು ಚಿತ್ರ ನಿರ್ದೇಶಿಸಲಿಲ್ಲ. ಅದರ ನದಿಯ ದೃಶ್ಯಗಳನ್ನು ನೋಡಿದಾಗಲೆಲ್ಲ, ಆಗ ಇನ್ನಷ್ಟು ಜನ ಒಬ್ಬರಿಗೊಬ್ಬರು ಹೇಳಿದ್ದರೆ ಆತನಿಂದ ಇನ್ನೆರಡು ಚಿತ್ರಗಳಾದರೂ ನಮಗೆ ಸಿಗುತ್ತಿದ್ದವೇನೋ ಎಂದು ಹೊಟ್ಟೆ ಉರಿಯುತ್ತದೆ.

ಈ ಸಲ ಹೇಳುವ ಸರದಿ ನನ್ನದು. ಗಿರೀಶ್ ಕಾಸರವಳ್ಳಿಯವರ ‘ಘಟಶ್ರಾದ್ಧ’ವನ್ನು ಆರಿಸಿಕೊಂಡಿದ್ದೇನೆ. 1977ರ ಚಿತ್ರ, ಅವರ ಮೊದಲನೆಯದು, ಸ್ವರ್ಣಕಮಲ ಪಡೆದದ್ದು. ಹೆಸರು ಎಲ್ಲರಿಗೂ ಗೊತ್ತು, ನೋಡಿದವರು ಕಡಿಮೆ. ಪ್ರಶಸ್ತಿ ಬಂದ ಚಿತ್ರಗಳೂ ಹೀಗೆ ಕಡೆಗಣನೆಗೆ ಒಳಗಾಗುತ್ತವೆ, ನೋಡದೆಯೇ ಗೌರವ ಕೊಟ್ಟು ದೂರ ಇಟ್ಟುಬಿಡುತ್ತೇವೆ. ಅದನ್ನು ಸಂರಕ್ಷಿಸಿ ಹೊಸದಾಗಿಸಿದ ಪ್ರತಿ 2024ರಲ್ಲಿ ವೆನಿಸ್ ಚಿತ್ರೋತ್ಸವದ ಕ್ಲಾಸಿಕ್ಸ್ ವಿಭಾಗದಲ್ಲಿ ಪ್ರದರ್ಶನವಾಯಿತು. ಗೆಳೆಯರಿಗೆ ನಾನು ಹೇಳಿರುವುದು ಇಷ್ಟು: ವೇದ ಕಲಿಯಲೆಂದು ಒಬ್ಬ ಸಣ್ಣ ಹುಡುಗ ಅಪರಿಚಿತರ ಮನೆಗೆ ಬರುತ್ತಾನೆ, ಆ ಮನೆಯ ಮಗಳು ಯಮುನಕ್ಕ ಅವನನ್ನು ಹತ್ತಿರ ಕರೆದುಕೊಳ್ಳುತ್ತಾಳೆ. ದೊಡ್ಡವರ ಲೋಕ ಅವನ ಎತ್ತರದಿಂದ ಹೇಗೆ ಕಾಣುತ್ತದೆಂದು ನೋಡುತ್ತಾ ಹೋಗಿ. ಫೋನಿನಲ್ಲಿ ನೋಡಬೇಡಿ. ಯಾವುದಾದರೂ ಉತ್ಸವದಲ್ಲಿ ಹೊಸ ಪ್ರತಿ ಹಾಕಿದರೆ ದೊಡ್ಡ ತೆರೆಯ ಮೇಲೇ ನೋಡಿ, ಮುಗಿದ ಮೇಲೆ ಯಾವ ದೃಶ್ಯ ಉಳಿಯಿತೆಂದು ನನಗೆ ಹೇಳಿ.